ಕ್ಷಮಿಸಿದರೆ ಪಾಲು ಕೇಳಬಾರದಾ?

ಪ್ರಶ್ನೆ: ನನ್ನ ತವರು ಮೂಡುಬಿದಿರೆ ಕಡೆ, ಈಗ ಬೆಂಗಳೂರಿನಲ್ಲಿದ್ದೇನೆ. ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಖಾತೆ ಬದಲಾವಣೆಗೆ ಎಂದು ಹೇಳಿ ಅಣ್ಣ ನನ್ನಿಂದ ಸಹಿ ಹಾಕಿಸಿಕೊಂಡ. ಅದು ಹಕ್ಕು ಬಿಡುಗಡೆ ಪತ್ರ ಎಂದು ಹೋದ ವರ್ಷ ಗೊತ್ತಾಯಿತು. ಅವನು ಚರ್ಚಿನ ಪಾಲನಾ ಮಂಡಳಿಯಲ್ಲಿ ಇದ್ದಾನೆ. ಗಂಡ ಕೋರ್ಟಿಗೆ ಹೋಗೋಣ ಅನ್ನುತ್ತಾರೆ. ಚಿಕ್ಕಮ್ಮ ‘ಕಥೋಲಿಕಳಾಗಿ ಅಣ್ಣನನ್ನು ಕ್ಷಮಿಸಲಾರೆಯಾ’ ಅನ್ನುತ್ತಾರೆ. ಅವನು ಆಸ್ಪತ್ರೆ ಸೇರಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಅಂದಿನಿಂದ ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಳ್ಳುತ್ತಿಲ್ಲ. ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳ ಜನ್ಮದಿನದ ತೆನೆಹಬ್ಬಕ್ಕೆ, ಊರಿಗೆ ಹೋಗಲಾ?

ಉತ್ತರ: ನಿಮ್ಮ ಚಿಕ್ಕಮ್ಮ ಎರಡು ವಿಷಯಗಳನ್ನು ಒಂದು ಮಾಡಿದ್ದಾರೆ. ಅಣ್ಣನನ್ನು ಕ್ಷಮಿಸುವುದು ಒಂದು, ಮೋಸ ಆಗಿಯೇ ಇಲ್ಲ ಎಂಬಂತೆ ಸುಮ್ನಿರುವುದು ಇನ್ನೊಂದು. ಎರಡನೆಯದನ್ನು ಯೇಸು ಯಾರಿಂದಲೂ ಕೇಳಿಲ್ಲ.

‘ಎಪ್ಪತ್ತೇಳು ಸಲ’ ಕ್ಷಮಿಸು ಎಂಬ ಮಾತು ಬೈಬಲಿನ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿದೆ, ಎಲ್ಲರಿಗೂ ಗೊತ್ತು. ಅದೇ ಅಧ್ಯಾಯದಲ್ಲಿ ಅದಕ್ಕಿಂತ ಮೊದಲೇ ಯೇಸು ಇನ್ನೊಂದು ಮಾತು ಹೇಳುತ್ತಾರೆ: ಸಹೋದರ ತಪ್ಪು ಮಾಡಿದರೆ ನೀನೇ ಹೋಗಿ, ನೀವಿಬ್ಬರೇ ಇರುವಾಗ ಅವನ ತಪ್ಪನ್ನು ತೋರಿಸು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಕುಟುಂಬದ ಜಗಳಗಳಲ್ಲಿ ಈ ಭಾಗವನ್ನು ನೆನಪಿಸುವವರು ಕಡಿಮೆ, ಅದರಲ್ಲೂ ಪಾಲು ಕೇಳುವವಳು ಹೆಣ್ಣುಮಗಳಾದರೆ.

ಪೋಪ್ ಎರಡನೇ ಜಾನ್ ಪಾಲ್ ಅವರ ಮೇಲೆ 1981ರ ಮೇ 13ರಂದು ಗುಂಡು ಹಾರಿತು. ಗುಂಡು ಹಾರಿಸಿದವನನ್ನು ಅವರು ಆಸ್ಪತ್ರೆಯಿಂದಲೇ ಕ್ಷಮಿಸಿದರು, 1983ರಲ್ಲಿ ಜೈಲಿಗೆ ಹೋಗಿ ಅವನ ಪಕ್ಕ ಕೂತು ಮಾತಾಡಿದರು. ಆದರೂ ಆತ 2000ದವರೆಗೆ ಇಟಲಿಯ ಜೈಲಿನಲ್ಲೇ ಇದ್ದ. ಶಿಕ್ಷೆ ಅದರ ಪಾಡಿಗೆ ನಡೆಯಿತು, ಕ್ಷಮೆಯೂ ನಿಜವಾಗಿತ್ತು.

ಸಂತ ಪೌಲರು ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಕೋರ್ಟಿಗೆ ಹೋಗಬೇಡಿ, ‘ಅನ್ಯಾಯವನ್ನು ಯಾಕೆ ಸಹಿಸಿಕೊಳ್ಳಬಾರದು’ ಎಂದು ಕೇಳಿದ್ದಾರೆ ಎಂದು ಯಾರಾದರೂ ಹೇಳಬಹುದು. ಹೌದು, ಕೇಳಿದ್ದಾರೆ. ಆದರೆ ಅದರ ಬೆನ್ನಿಗೇ, ಸಹೋದರರಿಗೇ ಮೋಸ ಮಾಡುತ್ತಿದ್ದೀರಲ್ಲ ಎಂದು ಗದರಿದ್ದಾರೆ. ನೀವಾಗಿಯೇ ಮನಸಾರೆ ಬಿಟ್ಟುಕೊಟ್ಟರೆ ಅದು ತ್ಯಾಗ. ಬಿಡು ಬಿಡು ಎಂದು ಎಲ್ಲರೂ ಸೇರಿ ಬಿಡಿಸಿದರೆ ಅದು ತ್ಯಾಗ ಹೇಗಾಗುತ್ತದೆ?

ಇನ್ನು ಪರಮಪ್ರಸಾದದ ಮಾತು. ನೋವಾಗುವುದು, ಸಿಟ್ಟು ಬರುವುದು ಪಾಪವಲ್ಲ. ಅನುಭವಿಸಿದ ನೋವನ್ನು ಮರೆಯುವುದು ನಮ್ಮ ಕೈಯಲ್ಲಿಲ್ಲ ಎಂದು ಧರ್ಮಸಭೆಯ ಧರ್ಮೋಪದೇಶವೇ ಒಪ್ಪುತ್ತದೆ. ಆದರೆ ಅವನಿಗೆ ಕೆಟ್ಟದಾಗಲಿ ಎಂದು ಬೇಕೆಂದೇ ಬಯಸುವುದು ಬೇರೆ. ಆಸ್ಪತ್ರೆಯ ಸುದ್ದಿ ಕೇಳಿದಾಗ ಬಂದ ಖುಷಿ ನಿಮ್ಮನ್ನು ಚುಚ್ಚುತ್ತಿದೆ, ಅಲ್ವಾ? ಅದನ್ನು ಫಾದರ್ ಮುಂದೆ ಪಾಪನಿವೇದನೆಯಲ್ಲಿ ಹೇಳಿಬಿಡಿ. ಅಣ್ಣನ ತಪ್ಪುಗಳ ಪಟ್ಟಿ ಅಲ್ಲಿ ಬೇಡ, ನಿಮ್ಮದಷ್ಟೇ ಸಾಕು. ಆಮೇಲೆ ಧೈರ್ಯವಾಗಿ ಪರಮಪ್ರಸಾದ ಸ್ವೀಕರಿಸಿ. ಇಂಥ ಹೊತ್ತಲ್ಲೇ ನಿಮಗದು ಜಾಸ್ತಿ ಬೇಕು.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ವಿಲ್ ಇಲ್ಲದಿದ್ದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಕ್ರೈಸ್ತ ಕುಟುಂಬದ ಗಂಡು, ಹೆಣ್ಣು ಮಕ್ಕಳಿಗೆ ಸಮಪಾಲು. ಮೋಸದಿಂದ ಮಾಡಿಸಿಕೊಂಡ ಪತ್ರವನ್ನು ರದ್ದು ಮಾಡಿಸಲು ಸಾಮಾನ್ಯವಾಗಿ ವಿಷಯ ಗೊತ್ತಾದ ದಿನದಿಂದ 3 ವರ್ಷವಷ್ಟೇ ಅವಕಾಶ. ನಿಮಗೆ ಗೊತ್ತಾಗಿ ಆಗಲೇ ಒಂದು ವರ್ಷ. ಹಾಗಾಗಿ ಈ ವಾರವೇ ವಕೀಲರನ್ನು ಕಂಡು ಕಾಗದಪತ್ರ ತೋರಿಸಿ. ಕೇಸು ಹಾಕುವುದನ್ನು ಆಮೇಲೆ ನಿರ್ಧರಿಸಬಹುದು.

ಮೊಂತಿ ಹಬ್ಬ ಸೆಪ್ಟೆಂಬರ್ 8ಕ್ಕೆ. ಅದಕ್ಕೆ ಮೊದಲೇ ಒಂದು ದಿನ ಊರಿಗೆ ಹೋಗಿ ಅಣ್ಣನನ್ನು ಒಬ್ಬನೇ ಇರುವಾಗ ಕಂಡು ಕೇಳಿ. ಬಗ್ಗದಿದ್ದರೆ ಸೋದರಮಾವನನ್ನೋ ಇಬ್ಬರಿಗೂ ಬೇಕಾದ ಫಾದರನ್ನೋ ಕೂರಿಸಿಕೊಳ್ಳಿ. ಹಬ್ಬದ ದಿನ, ಹೊಸ ತೆನೆ ತಂದು ಎಲ್ಲರೂ ಊಟಕ್ಕೆ ಕೂತಿರುವಾಗ ಮಾತ್ರ ಈ ವಿಷಯ ಎತ್ತಬೇಡಿ. ಅವನ ಮನೆಯಲ್ಲಿ ಅನ್ನ ಗಂಟಲಿಗಿಳಿಯದು ಅನಿಸಿದರೆ ಚಿಕ್ಕಮ್ಮನ ಮನೆಯಲ್ಲಿ ಹೊಸ ಅಕ್ಕಿ ಉಣ್ಣಿ. ಆದರೆ ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಮಾತೆಗೆ ಹೂ ಹಾಕಲು ಖಂಡಿತ ಹೋಗಿ. ಆ ಚರ್ಚು ಅಣ್ಣನಿಗೆ ಎಷ್ಟೋ ನಿಮಗೂ ಅಷ್ಟೇ.