ಪಿಯಾನೊಲಾ ಗಾಳಿ ಊದುವುದಿಲ್ಲ

ನಮಸ್ಕಾರ.

ಪಿಯಾನೊ ರೋಲ್ (ಬೆರಳಿಡದೆಯೇ ನುಡಿಯುವ ಪಿಯಾನೊ, ಅಂದರೆ ಪಿಯಾನೊಲಾಕ್ಕೆ ಹಾಕುವ ತೂತುಗಳ ಕಾಗದದ ಸುರುಳಿ) ಮತ್ತು ಮಕ್ಕಳ ಪಿಯಾನೊ ಸ್ಪರ್ಧೆಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಸ್ಪರ್ಧೆಯ ಭಾಗ ಚೆನ್ನಾಗಿದೆ. ಆದರೆ ಎರಡು ವಾಕ್ಯ ನನ್ನನ್ನು ಬಿಡುತ್ತಿಲ್ಲ.

ಒಂದು: ‘ಕಾಗದದ ತೂತುಗಳಿಂದ ಗಾಳಿ ನುಗ್ಗಿ ಕೀಗಳನ್ನು ಒತ್ತುತ್ತದೆ.’ ಬರೆಯುವಾಗ ನಿಮ್ಮ ಕಣ್ಣ ಮುಂದೆ ಇದ್ದದ್ದು ನಮ್ಮ ಹಾರ್ಮೋನಿಯಂ, ಅಲ್ವಾ? ಅದರ ತಿದಿ ಗಾಳಿಯನ್ನು ತಳ್ಳುತ್ತದೆ. ಪಿಯಾನೊಲಾದ್ದು ಉಲ್ಟಾ. ಪೆಡಲ್ ತುಳಿದರೆ ತಿದಿ ಒಳಗಿನ ಗಾಳಿಯನ್ನು ಹೀರುತ್ತದೆ. ರೋಲ್ ಒಂದು ಲೋಹದ ಪಟ್ಟಿಯ ಮೇಲೆ ಸರಿಯುತ್ತದೆ. ಪಟ್ಟಿಯಲ್ಲಿ ಸ್ವರಕ್ಕೊಂದು ರಂಧ್ರ. ಕಾಗದದ ತೂತು ಆ ರಂಧ್ರಕ್ಕೆ ಸರಿಯಾಗಿ ಬಂದಾಗ ಹೊರಗಿನ ಗಾಳಿ ಚೂರು ಒಳಹೋಗಿ ಕವಾಟ ತೆರೆಯುತ್ತದೆ. ಆಗ ಆ ಸ್ವರದ ಪುಟ್ಟ ತಿದಿ ಗಾಳಿ ಕಳೆದುಕೊಂಡು ಮುದುಡುತ್ತದೆ. ಅದು ಮುದುಡಿದ ರಭಸಕ್ಕೆ ಸುತ್ತಿಗೆ ತಂತಿಗೆ ಬಡಿಯುತ್ತದೆ. ಇಡೀ ಯಂತ್ರದ ಸೊಗಸು ಇರುವುದೇ ಇಲ್ಲಿ. ನೀವು ಅದನ್ನೇ ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ಅದೂ ತಪ್ಪಾಗಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾರ್ಮೋನಿಯಂ ರಿಪೇರಿಯವರ ಬಗ್ಗೆ ಬರೆದಿದ್ದೆ. ‘ತಿದಿ ಉಸಿರಾಡುತ್ತದೆ’ ಎಂಬ ಸಾಲು ನನಗೆ ತುಂಬಾ ಇಷ್ಟವಾಗಿತ್ತು. ನಮ್ಮ ಹಿರಿಯ ಸಂಪಾದಕರು ಅದರ ಕೆಳಗೆ ಗೆರೆ ಎಳೆದು, ‘ಉಸಿರು ಎಲ್ಲಿಂದ ಒಳಗೆ ಹೋಗುತ್ತೆ?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮರುದಿನ ಆ ರಿಪೇರಿ ಅಂಗಡಿಗೆ ಹೋಗಿ, ರಿಪೇರಿಯವರು ಪೆಟ್ಟಿಗೆ ಬಿಚ್ಚುವವರೆಗೂ ಕಾದು ಕೂತೆ. ತಿದಿಯ ತೂತಿಗೆ ಒಳಗಿನಿಂದ ಮುಚ್ಚಿದ್ದ ಚರ್ಮದ ತುಂಡನ್ನು ಅವರು ಬೆರಳಿನಿಂದ ಎತ್ತಿ ತೋರಿಸಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಎರಡು: ‘ರೋಲ್ ಬಂದ ಮೇಲೆ ಮಕ್ಕಳು ಪಿಯಾನೊ ಕಲಿಯುವುದನ್ನೇ ಬಿಟ್ಟರು.’ ಯಾವ ಮಕ್ಕಳು? ಯಾವ ಊರಿನವರು? ಹೀಗಾದೀತು ಎಂದು 1906ರಲ್ಲಿ ಅಮೆರಿಕದ ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೂಸಾ ಭಯಪಟ್ಟು ಬರೆದದ್ದು ನಿಜ. ಅವರ ಭಯವನ್ನು ನೀವು ನಡೆದ ಸಂಗತಿ ಮಾಡಿಬಿಟ್ಟಿರಿ. ನಂತರ ಜಾಝ್ ದಿಗ್ಗಜರಾದ ಡ್ಯೂಕ್ ಎಲಿಂಗ್ಟನ್ ತಾರುಣ್ಯದಲ್ಲಿ ಪಿಯಾನೊ ವಾದಕ ಜೇಮ್ಸ್ ಪಿ. ಜಾನ್ಸನ್ ಅವರ ‘ಕೆರೊಲಿನಾ ಶೌಟ್’ ಎಂಬ ಕೃತಿ ಕಲಿತದ್ದೇ ರೋಲ್‌ನಿಂದ. ವೇಗ ತಗ್ಗಿಸಿ, ತಾವಾಗಿ ಇಳಿಯುವ ಕೀಗಳನ್ನು ನೋಡಿ ನೋಡಿ ಕಲಿತರು. ಮುಂದೆ ವಾಷಿಂಗ್ಟನ್‌ನಲ್ಲಿ ಜಾನ್ಸನ್ ಎದುರೇ ಅದನ್ನು ನುಡಿಸಿದರು. ನಿಮ್ಮ ಲೇಖನಕ್ಕೆ ಇದಕ್ಕಿಂತ ಒಳ್ಳೆಯ ಸ್ಪರ್ಧೆಯ ಕಥೆ ಬೇಕಾ?

ಈ ಎರಡು ಪ್ಯಾರಾ ಮತ್ತೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ಇಟ್ಟಿರುತ್ತೇನೆ.