ಕಟ್ಟಿಹಾಕಿದರೆ ಸುರಕ್ಷತೆಯೇ?

ಓದುಗರ ಪತ್ರ: ಮರೆವಿನ ಕಾಯಿಲೆಯಿರುವ ನನ್ನ ತಾಯಿ ಕೆಲವು ತಿಂಗಳುಗಳಿಂದ ವೃದ್ಧಾಶ್ರಮವೊಂದರಲ್ಲಿದ್ದಾರೆ. ಈಚೆಗೆ ಎರಡು ಸಲ ಬಿದ್ದರು. ಅಂದಿನಿಂದ ಹಗಲು ಹೊತ್ತು ಅವರನ್ನು ಬಟ್ಟೆಯ ಪಟ್ಟಿಯಿಂದ ಕುರ್ಚಿಗೆ ಕಟ್ಟಿ ಕೂರಿಸುತ್ತಿದ್ದಾರೆ. ‘ಅವರ ಸುರಕ್ಷತೆಗಾಗಿಯೇ’ ಎಂದು ಹೇಳಿ ಒಪ್ಪಿಗೆ ಪತ್ರಕ್ಕೆ ನನ್ನ ಸಹಿ ಕೇಳಿದ್ದಾರೆ. ಸಹಿ ಹಾಕಲೇ? ಪ್ರಶ್ನಿಸಿದರೆ ಆ ಸಿಟ್ಟನ್ನು ತಾಯಿಯ ಮೇಲೆ ತೀರಿಸಿಕೊಂಡಾರು ಎಂಬ ಹೆದರಿಕೆಯೂ ಇದೆ.
– ಹೆಸರು ಬೇಡವೆಂದ ಓದುಗರು

ಸಂಪಾದಕರ ಉತ್ತರ:

ಸಹಿ ಹಾಕಬೇಡಿ. ಕಾರಣಗಳನ್ನು ವಿವರಿಸುವ ಮೊದಲೇ ಇದನ್ನು ಹೇಳಿಬಿಡುತ್ತೇನೆ, ಏಕೆಂದರೆ ಆ ಕಾಗದ ಈಗಾಗಲೇ ನಿಮ್ಮ ಕೈಯಲ್ಲಿದೆ.

ಕಟ್ಟಿದರೆ ಬೀಳುವುದಿಲ್ಲ ಎಂಬ ಮಾತು ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಬಳಸದ ಸ್ನಾಯು ಇಳಿವಯಸ್ಸಿನಲ್ಲಿ ಬಲು ಬೇಗ ಕರಗುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನಡೆಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅಷ್ಟರಲ್ಲೇ ಅವರ ಕಾಲುಗಳ ಸ್ನಾಯು ಸುಮಾರು 1 ಕಿಲೋ ಇಳಿದಿತ್ತು. ದಿನವಿಡೀ ಕುರ್ಚಿಯಲ್ಲಿ ಬಂಧಿಯಾದವರ ಕಾಲಿನ ಕಸುವೂ ಹೀಗೆಯೇ ಸೋರಿಹೋಗುತ್ತದೆ. ಪಟ್ಟಿ ಬಿಚ್ಚಿದ ದಿನ ಅವರು ಮೊದಲಿಗಿಂತ ಸುಲಭವಾಗಿ ಬೀಳುತ್ತಾರೆ, ಅದೇ ಮತ್ತೆ ಕಟ್ಟುವುದಕ್ಕೆ ನೆಪವಾಗುತ್ತದೆ. ಒಂದೇ ಭಂಗಿಯಲ್ಲಿ ಕುಳಿತು ಬೆನ್ನಿನ ಕೆಳಭಾಗದಲ್ಲಿ ಒತ್ತಡದ ಹುಣ್ಣುಗಳೇಳುತ್ತವೆ. ಶೌಚಕ್ಕೆ ಏಳಲಾಗದೆ ಬಟ್ಟೆ ಒದ್ದೆಯಾಗುತ್ತದೆ, ಮಾನ ಹೋಗುತ್ತದೆ. ಕುರ್ಚಿಯಿಂದ ಕೆಳಕ್ಕೆ ಜಾರಿ, ಪಟ್ಟಿ ಎದೆಗೋ ಕುತ್ತಿಗೆಗೋ ಬಿಗಿದು ಉಸಿರುಗಟ್ಟಿ ಸತ್ತವರೂ ಇದ್ದಾರೆ.

ನಿಮ್ಮ ತಾಯಿಗೆ ಇನ್ನೊಂದು ಕಷ್ಟವಿದೆ. ತನ್ನನ್ನು ಏಕೆ ಕಟ್ಟಿದ್ದಾರೆಂಬುದು ಅವರ ನೆನಪಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಕೊಸರಾಡುತ್ತಾರೆ, ಕೂಗುತ್ತಾರೆ. ಅದನ್ನು ‘ಗಲಾಟೆ’ ಎಂದು ಬರೆದುಕೊಂಡು ಗುಳಿಗೆ ಕೊಡಲು ತೊಡಗುವ ಆಶ್ರಮಗಳಿವೆ. ಮಂಪರು ಹತ್ತಿಸುವ ಗುಳಿಗೆಯೂ ಕಟ್ಟೇ, ಕಣ್ಣಿಗೆ ಕಾಣದ ಕಟ್ಟು. ಮರೆವಿನ ಕಾಯಿಲೆಯಿರುವ ವೃದ್ಧರಲ್ಲಿ ಆ್ಯಂಟಿಸೈಕೋಟಿಕ್ (ತೀವ್ರ ಮನೋರೋಗಗಳಿಗೆ ಕೊಡುವ) ಔಷಧಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಹೊಸ ಪೀಳಿಗೆಯ ಗುಳಿಗೆಗಳ ಮೇಲೆ, 2008ರಲ್ಲಿ ಹಳೆಯವುಗಳ ಮೇಲೂ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಹೊಸದಾಗಿ ಯಾವ ಗುಳಿಗೆ ಶುರುವಾಗಿದೆ, ಯಾರು ಬರೆದದ್ದು, ಎಷ್ಟು ದಿನಕ್ಕೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ.

ಕಟ್ಟದೆ ನೋಡಿಕೊಳ್ಳುವುದು ಬರೀ ಆದರ್ಶದ ಮಾತಲ್ಲ. ಅಮೆರಿಕದ ಶುಶ್ರೂಷಾ ನಿವಾಸಗಳಲ್ಲಿ 1980ರ ದಶಕದಲ್ಲಿ ಹತ್ತರಲ್ಲಿ ಸುಮಾರು ನಾಲ್ವರನ್ನು ಕಟ್ಟಿಡಲಾಗುತ್ತಿತ್ತು. ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟಕೂಡದೆಂದು 1987ರಲ್ಲಿ ಅಲ್ಲಿ ಕಾನೂನು ಬಂತು. ಈಗ ಆ ಪ್ರಮಾಣ ನೂರಕ್ಕೆ ಐದಕ್ಕಿಂತ ಕಡಿಮೆ. ಪಟ್ಟಿಗಳನ್ನು ಬಿಚ್ಚಿ, ಬದಲಿ ಆರೈಕೆ ಕಲ್ಪಿಸಿದ ಕಡೆಗಳಲ್ಲಿ ಗಂಭೀರ ಗಾಯಗಳು ಹೆಚ್ಚಲಿಲ್ಲ.

ಹಾಗಾದರೆ ಬೀಳುವುದನ್ನು ತಡೆಯುವುದು ಹೇಗೆ? ನೀವು ಆಶ್ರಮದವರೊಂದಿಗೆ ಮಾತನಾಡಬೇಕಾದದ್ದು ಇದರ ಬಗ್ಗೆಯೇ. ಎರಡು ಸಲವೂ ತಾಯಿ ಬಿದ್ದದ್ದು ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡಲು ಹೊರಟಾಗ? ಇದನ್ನು ಬರೆದಿಟ್ಟಿರದ ಆಶ್ರಮ ಬೀಳುವುದನ್ನು ತಡೆಯುವ ಕೆಲಸವನ್ನು ಇನ್ನೂ ಆರಂಭಿಸಿಯೇ ಇಲ್ಲ. ಬಹಳಷ್ಟು ಹಿರಿಯರು ಬೀಳುವುದು ಮೂತ್ರಕ್ಕೆಂದು ಅವಸರದಲ್ಲಿ ಎದ್ದಾಗ. ಗೊತ್ತಾದ ಹೊತ್ತಿಗೆ ತಾವೇ ಬಂದು ಶೌಚಾಲಯಕ್ಕೆ ಕರೆದೊಯ್ಯುವವರಿದ್ದರೆ ಆ ಅವಸರ ಇರುವುದಿಲ್ಲ. ಎದ್ದು ನಿಂತ ಕೂಡಲೇ ರಕ್ತದೊತ್ತಡ ಕುಸಿದು ತಲೆ ಸುತ್ತುತ್ತಿರಬಹುದು, ಅದಕ್ಕೆ ಮಲಗಿದ್ದಾಗಲೂ ನಿಂತ ಮೇಲೂ ಒತ್ತಡ ಅಳೆದು ನೋಡಬೇಕು. ರಕ್ತದೊತ್ತಡದ ಗುಳಿಗೆ, ನಿದ್ದೆಯ ಗುಳಿಗೆ ಇವೇ ಕಾರಣವಾಗಿರುವುದೂ ಅಪರೂಪವಲ್ಲ. ಇದ್ದಕ್ಕಿದ್ದಂತೆ ಗೊಂದಲ ಹೆಚ್ಚಿದ್ದರೆ ಒಳಗೆ ಯಾವುದಾದರೂ ಸೋಂಕು ಇರಬಹುದು. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೇ ಕಡಿಮೆಯಾಗುವುದರಿಂದ ನೀರು ಸಾಲದೆಯೂ ಹೀಗಾಗುತ್ತದೆ. ಸಡಿಲವಾದ ಚಪ್ಪಲಿ, ಮಸುಕಾದ ಕನ್ನಡಕ, ರಾತ್ರಿ ಆರಿಸಿದ ದೀಪ ಇವನ್ನೂ ಗಮನಿಸಬೇಕು.

ಇಷ್ಟೆಲ್ಲ ಮಾಡಿಯೂ ಅವರು ಮತ್ತೆ ಬೀಳಬಹುದು. ಈ ಮಾತನ್ನು ನಿಮ್ಮಿಂದ ಮುಚ್ಚಿಡುವುದು ತಪ್ಪಾಗುತ್ತದೆ. ನಡೆದಾಡುವ ಮನುಷ್ಯರಿಗೆ ಬೀಳುವ ಅಪಾಯ ಇದ್ದೇ ಇದೆ. ಸ್ವಲ್ಪ ಅಪಾಯದೊಂದಿಗೆ ಓಡಾಡಿಕೊಂಡಿರುವ ತಾಯಿ, ಅಪಾಯವಿಲ್ಲವೆಂದು ಕಟ್ಟಿ ಕೂರಿಸಿದ ತಾಯಿ, ಇಬ್ಬರಲ್ಲಿ ನಾನು ಮೊದಲನೆಯವರ ಪರ. ‘ಒಂದು ಸಲವೂ ಬೀಳಕೂಡದು’ ಎಂದು ನಾವು ಮಕ್ಕಳು ಹಟ ಹಿಡಿದಾಗಲೂ ಆಶ್ರಮದವರು ಪಟ್ಟಿಗೆ ಕೈ ಹಾಕುತ್ತಾರೆ. ಆದ್ದರಿಂದ ಈ ಅಪಾಯವನ್ನು ನೀವು ತಿಳಿದೇ ಒಪ್ಪಿದ್ದೀರೆಂದು ಬರೆದುಕೊಡಿ. ಸಹಿ ಹಾಕುವುದಾದರೆ ಆ ಕಾಗದಕ್ಕೆ ಹಾಕಿ.

ಪಟ್ಟಿಯ ಹಿಂದಿರುವ ನಿಜವಾದ ಕಾರಣ ಜನರ ಕೊರತೆ ಎಂದು ನನ್ನ ಬಲವಾದ ಅನಿಸಿಕೆ. ರಾತ್ರಿ ಎಷ್ಟು ಹಿರಿಯರಿಗೆ ಎಷ್ಟು ಮಂದಿ ಆರೈಕೆದಾರರು, ಅವರಿಗೆ ತರಬೇತಿ ಸಿಕ್ಕಿದೆಯೇ, ಎಷ್ಟು ಕಾಲದಿಂದ ಅಲ್ಲಿದ್ದಾರೆ ಎಂದು ಕೇಳಿ. ಮುಖಗಳು ತಿಂಗಳಿಗೊಮ್ಮೆ ಬದಲಾಗುವ ಆಶ್ರಮದಲ್ಲಿ ನಿಮ್ಮ ತಾಯಿ ಎದ್ದದ್ದು ಯಾವುದಕ್ಕೆ ಎಂದು ಅರ್ಥಮಾಡಿಕೊಳ್ಳುವವರೇ ಇರುವುದಿಲ್ಲ. ದಣಿದ ಆರೈಕೆದಾರರನ್ನು ದೂರುವುದು ಸುಲಭ, ಆದರೆ ಇಬ್ಬರ ಕೆಲಸವನ್ನು ಒಬ್ಬರ ಮೇಲೆ ಹೊರಿಸಿದವರು ಆಡಳಿತದವರು.

ಸಿಟ್ಟು ತೀರಿಸಿಕೊಂಡಾರೆಂಬ ನಿಮ್ಮ ಹೆದರಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕಳೆದ ಒಂದು ವರ್ಷದಲ್ಲಿ ನಿವಾಸಿಗಳೊಂದಿಗೆ ಯಾವುದಾದರೊಂದು ರೀತಿಯಲ್ಲಿ ಕೆಟ್ಟದಾಗಿ ನಡೆದುಕೊಂಡಿದ್ದೇವೆಂದು ಇಂಥ ಸಂಸ್ಥೆಗಳ ಮೂವರು ಸಿಬ್ಬಂದಿಯಲ್ಲಿ ಇಬ್ಬರು ಒಪ್ಪಿಕೊಂಡಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ಮದ್ದು ಸುಮ್ಮನಿರುವುದಲ್ಲ, ಹೆಚ್ಚು ಹೆಚ್ಚು ಹೋಗಿ ಬರುವುದು. ಹೊತ್ತು ಬದಲಿಸಿ ಹೋಗಿ, ಮುನ್ಸೂಚನೆಯಿಲ್ಲದೆ ಹೋಗಿ, ಆರೈಕೆದಾರರನ್ನು ಹೆಸರು ಹಿಡಿದು ಮಾತನಾಡಿಸಿ. ಅಲ್ಲಿರುವ ಬೇರೆಯವರ ಮಕ್ಕಳ ಪರಿಚಯ ಮಾಡಿಕೊಳ್ಳಿ, ಇದೇ ಕಾಗದ ಅವರ ಮನೆಗೂ ಹೋಗಿರಬಹುದು. ಕೇಳುವುದನ್ನು ಬರೆದು ಕೇಳಿ, ಅದರ ಒಂದು ಪ್ರತಿ ಇಟ್ಟುಕೊಳ್ಳಿ.

ಪಟ್ಟಿ ಬಿಚ್ಚಲು ಎರಡು ವಾರ ಗಡುವು ಕೊಡಿ, ಅಷ್ಟರೊಳಗೆ ಬದಲಿ ಏರ್ಪಾಡನ್ನು ಲಿಖಿತವಾಗಿ ಕೇಳಿ. ಅದುವರೆಗೆ ಗಂಟೆಗೊಮ್ಮೆಯಾದರೂ ಬಿಚ್ಚಿ ನಡೆಸಲೇಬೇಕು, ಅವರನ್ನು ಕಣ್ಣಳತೆಯ ಆಚೆ ಬಿಡಲೇಬಾರದು. ಒಪ್ಪದಿದ್ದರೆ ಮೇಲ್ವಿಚಾರಣೆಯ ಇಲಾಖೆಗೆ ದೂರು ಕೊಡಿ, ಜೊತೆಯಲ್ಲೇ ಬೇರೆ ಆಶ್ರಮ ಹುಡುಕಲು ಆರಂಭಿಸಿ. ಅಲ್ಲಿಗೆ ಹೋದಾಗ ಕೇಳುವ ಮೊದಲ ಪ್ರಶ್ನೆ, ಇಲ್ಲಿ ಈ ಹೊತ್ತು ಎಷ್ಟು ಜನರನ್ನು ಕಟ್ಟಿಹಾಕಲಾಗಿದೆ ಎಂಬುದಾಗಿರಲಿ.