ಟೈಪ್ 1 ಮಧುಮೇಹವಿದ್ದವರಿಗೆ ಕೈಗೆಟಕುವ ಪ್ರವಾಸ ವಿಮೆ ಸಿಗುವುದು ಹೇಗೆ?

ಟೈಪ್ 1 ಮಧುಮೇಹವಿರುವ ಮಗಳೊಂದಿಗೆ ಬೆಂಗಳೂರಿನಿಂದ ಎರಡು ವಾರ ಜರ್ಮನಿಗೆ ಹೊರಟಿರುವ ನೀವು ಕಡಿಮೆ ಖರ್ಚಿನ ವಿಮೆಯ ಬಗ್ಗೆ ಕೇಳಿದ್ದೀರಿ. ಜರ್ಮನಿ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ರಕ್ಷಣೆ ಕಡ್ಡಾಯ. ಆದರೆ ವೀಸಾಕ್ಕೆ ಸಾಲುವ ಪಾಲಿಸಿ ಮಧುಮೇಹಕ್ಕೂ ಸಾಲುತ್ತದೆ ಎಂದೇನಿಲ್ಲ. ಅಗ್ಗದ ಪಾಲಿಸಿಗಳಲ್ಲಿ ಹಲವು ಮೊದಲೇ ಇರುವ ಕಾಯಿಲೆಗಳನ್ನು ಪೂರ್ತಿಯಾಗಿ ಹೊರಗಿಡುತ್ತವೆ. ಕೆಲವು ಪ್ರಾಣಾಪಾಯದ ತುರ್ತು ಚಿಕಿತ್ಸೆಗೆ ಮಾತ್ರ, ಅದೂ ವಿಮಾ ಮೊತ್ತದ ಒಂದು ಭಾಗದವರೆಗೆ, ಹಣ ಕೊಡುತ್ತವೆ. ಆದ್ದರಿಂದ ಪ್ರೀಮಿಯಂ ಹೋಲಿಸುವ ಮೊದಲೇ, ಕೀಟೋಆಸಿಡೋಸಿಸ್ (ಇನ್ಸುಲಿನ್ ಕೊರತೆಯಿಂದ ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯದ ಸ್ಥಿತಿ) ಆಗಿಯೋ ಸಕ್ಕರೆ ತೀರಾ ಇಳಿದೋ ಆಸ್ಪತ್ರೆಗೆ ಸೇರಿದರೆ ಎಷ್ಟು ಮೊತ್ತ ಸಿಗುತ್ತದೆಂದು ಕಂಪನಿಯನ್ನು ಇಮೇಲ್ ಮೂಲಕ ಕೇಳಿ, ಲಿಖಿತ ಉತ್ತರವನ್ನೇ ಪಡೆಯಿರಿ. ಏಜೆಂಟರ ಬಾಯಿಮಾತು ಕ್ಲೇಮಿನ ಹೊತ್ತಿಗೆ ನೆರವಿಗೆ ಬರುವುದಿಲ್ಲ.

ಪ್ರೀಮಿಯಂ ಇಳಿಸಲೆಂದು ಕಾಯಿಲೆಯನ್ನು ಮುಚ್ಚಿಡುವುದು ಬೇಡವೇ ಬೇಡ. ಇನ್ಸುಲಿನ್ ತೆಗೆದುಕೊಳ್ಳುವ ಸಂಗತಿ ಆಸ್ಪತ್ರೆಯ ಮೊದಲ ಕಾಗದದಲ್ಲೇ ದಾಖಲಾಗುತ್ತದೆ, ಕ್ಲೇಮನ್ನು ತಿರಸ್ಕರಿಸಲು ಕಂಪನಿಗೆ ಅಷ್ಟೇ ಸಾಕು. ಅದರ ಬದಲು ಖರ್ಚು ಇಳಿಸಲು, ಅಮೆರಿಕ, ಕೆನಡಾಗಳನ್ನು ಬಿಟ್ಟಿರುವ ಯೋಜನೆಯನ್ನು ಆರಿಸಬಹುದು. ಮಗಳಿಗೆ ಮಾತ್ರ ಹೆಚ್ಚಿನ ರಕ್ಷಣೆಯ ಪ್ರತ್ಯೇಕ ಪಾಲಿಸಿ ತೆಗೆದುಕೊಂಡು, ಮನೆಯ ಉಳಿದವರಿಗೆ ಸಾಮಾನ್ಯ ಪಾಲಿಸಿ ಮಾಡಿಸಬಹುದು. ನನ್ನ ಮಟ್ಟಿಗೆ ಈ ಎರಡನೆಯ ದಾರಿಯೇ ಮೇಲು.

ಇನ್ಸುಲಿನ್ ಪಂಪ್ ಇದ್ದರೆ ಸಾಮಾನು ನಷ್ಟದ ಮಿತಿಯನ್ನೂ ನೋಡಿ. ಪಂಪಿನ ಬೆಲೆ ಅದನ್ನು ಸುಲಭವಾಗಿ ಮೀರುತ್ತದೆ. ಇನ್ಸುಲಿನ್ನನ್ನು ವೈದ್ಯರ ಪತ್ರದೊಂದಿಗೆ ಕೈಚೀಲದಲ್ಲೇ ಒಯ್ಯಿರಿ, ಏಕೆಂದರೆ ಚೆಕ್-ಇನ್ ಸಾಮಾನಿನಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು.